ಪಟ್ಟಿಯಲ್ಲಿಲ್ಲದ ಆಟ

ಅಳವಂಡಿಯ ಚಹಾದಂಗಡಿಯಲ್ಲಿ ಕೂತು ಒಲಿಂಪಿಕ್ಸ್ ನಡೆಸುವವರನ್ನು ಬೈಯುವ ಮನುಷ್ಯ ಬಹುಶಃ ನಾನೊಬ್ಬನೇ. ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ ಆಟವನ್ನು ಅವರು ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ ಎಂಬುದು ನನ್ನ ಸಿಟ್ಟು. ಆ ಹೆಸರನ್ನು ತಡವರಿಸದೆ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಬ್ರೆಜಿಲ್ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.

ಆಡುವವಳು ನನ್ನ ಮಗಳು ನೀಲಾ. ಗಂಗಾವತಿಗೆ ಕಾಲೇಜಿಗೆಂದು ಹೋದವಳು, ಅಲ್ಲಿ ಹಳೆಯ ಅಕ್ಕಿ ಗೋದಾಮಿನಲ್ಲಿ ಚಾಪೆ ಹಾಸಿ ಕಲಿಸುತ್ತಿದ್ದವರ ಬಳಿ ಕಲಿತಳು. ಮೊದಲ ಸಲ ನೋಡಲು ಹೋದಾಗ ಅವಳು ಬೆನ್ನು ನೆಲಕ್ಕೆ ಹಚ್ಚಿ ಮಲಗಿದ್ದಳು, ಮೇಲೆ ಇನ್ನೊಬ್ಬಳು. ನಾನು ಗರಡಿಯವನು, ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗಿಯಿತು ಎಂದು ಕಲಿತವನು. ಮಗಳು ಸೋತಳೆಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಅವಳೇ ಹುಡುಕಿಕೊಂಡು ಬಂದು, "ಗೆದ್ದೀನ್ರಿ ಅಪ್ಪಾ, ಎಲ್ಲಿ ಹೋಗಿದ್ರಿ?" ಎಂದಳು. ಆ ಆಟದಲ್ಲಿ ಕೆಳಗೆ ಬಿದ್ದವರೂ ಮೇಲಿದ್ದವರ ಕೈ ತಿರುಚಿ ಗೆಲ್ಲಬಹುದಂತೆ.

ಇದನ್ನು ಜಗತ್ತಿಗೆಲ್ಲ ತೋರಿಸುವುದು ಕಷ್ಟ ಎನ್ನುವವರ ಮಾತನ್ನು ಒಪ್ಪುತ್ತೇನೆ. ಗೊತ್ತಿಲ್ಲದವರಿಗೆ ಇಬ್ಬರು ಒಂದೇ ಕೌದಿಗಾಗಿ ಜಗಳಾಡುತ್ತ ಮಲಗಿದ ಹಾಗೆ ಕಾಣುತ್ತದೆ. ಒಲಿಂಪಿಕ್ಸ್ ಒಳಗೆ ಸೇರಿದ ಮೇಲೆ ನಿಯಮಗಳ ಕಾಟ ಬೇರೆ. ಇದರ ಅಣ್ಣ ಎನ್ನಬಹುದಾದ ಜೂಡೋದಲ್ಲಿ ಕಾಲು ಹಿಡಿಯುವುದನ್ನೇ ನಿಲ್ಲಿಸಿಬಿಟ್ಟರು. ಕುಸ್ತಿಯನ್ನೂ ಒಮ್ಮೆ ಹೊರಗೆ ಹಾಕಲು ಹೊರಟಿದ್ದರು. ಅಂಥ ಮನೆಗೆ ಮಗಳನ್ನು ಕೊಡಬೇಕೆ ಎನಿಸುತ್ತದೆ. ಆದರೂ ಸೇರಲಿ ಎಂದೇ ನನ್ನ ವಾದ. ಅದರಲ್ಲಿರುವುದು ಶುದ್ಧ ಸ್ವಾರ್ಥ.

ನೀಲಾಳಿಗೆ ಪೊಲೀಸ್ ಆಗುವ ಆಸೆಯಿತ್ತು. ಹೋದ ವರ್ಷ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಲು ಅವಳ ಪದಕಗಳನ್ನೆಲ್ಲ ಕೈಚೀಲಕ್ಕೆ ತುಂಬಿಕೊಂಡು ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ಒಳ್ಳೆಯವರು. ಕೋಟಾಕ್ಕೆ ಸೇರುವ ಆಟಗಳ ಪಟ್ಟಿಯ ಮೇಲೆ ಬೆರಳಿಟ್ಟು ಎರಡು ಸಲ ಹುಡುಕಿದರು. "ಒಲಿಂಪಿಕ್ಸ್‌ನ್ಯಾಗ ಇದ್ದಿದ್ರ ಇದ್ರಾಗೂ ಇರ್ತಿತ್ತರಿ ಯಜಮಾನ್ರ. ಇಲ್ಲಲ್ರಿ, ಏನ್ ಮಾಡೂದು?" ಎಂದರು. ಅದು ಅವಳ ವಯೋಮಿತಿಯ ಕೊನೆಯ ವರ್ಷ. ವಾಪಸು ಬರುವಾಗ ಬಸ್ಸು ಕುಲುಕಿದಾಗಲೆಲ್ಲ ಚೀಲದಲ್ಲಿ ಪದಕಗಳು ಸದ್ದು ಮಾಡುತ್ತಿದ್ದವು. ನನಗೆ ಅಳು ಬಂತು.

ಅಳು ಮುಚ್ಚಿಕೊಳ್ಳಲು ದಾರಿಯುದ್ದಕ್ಕೂ ಒಲಿಂಪಿಕ್ಸ್‌ನವರನ್ನು ಬೈದೆ. ನೀಲಾ ಕಿಟಕಿಯಾಚೆ ನೋಡುತ್ತ, "ಅವರನ್ನ ಬಿಡ್ರಿ ಅಪ್ಪಾ. ಕುಸ್ತಿ ಆ ಪಟ್ಟ್ಯಾಗ ಮೊದಲಿಂದ ಐತಲ್ರಿ" ಎಂದಳು. ಸಿಟ್ಟಿಲ್ಲದೆ ಹೇಳಿದಳು. ಹತ್ತು ವರ್ಷದವಳಿದ್ದಾಗ ಕುಸ್ತಿ ಕಲಿಯುತ್ತೇನೆಂದು ನಮ್ಮ ಗರಡಿಯ ಬಾಗಿಲಿಗೆ ಬಂದಿದ್ದಳು. ಹೆಣ್ಣುಮಕ್ಕಳು ಆ ಕೆಮ್ಮಣ್ಣು ತುಳಿಯಬಾರದೆಂಬುದು ರೂಢಿ. ಹಿರಿಯರು ಒಪ್ಪುವುದಿಲ್ಲ ಎಂದು ನಾನೇ ಮನೆಗೆ ಕಳಿಸಿದ್ದೆ. ದೂರದವರನ್ನು ಬೈಯುವುದರಲ್ಲಿ ಒಂದು ಅನುಕೂಲವಿದೆ. ಅವರು ತಿರುಗಿ ಏನೂ ಕೇಳುವುದಿಲ್ಲ.

ಮರುವಾರ ಹಿರಿಯರ ಮುಂದೆ ಮಾತು ತೆಗೆದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಚಹಾ ಕುಡಿದು ಮುಗಿಸುವುದರೊಳಗೆ, ಹುಡುಗಿಯರೂ ಗರಡಿಗೆ ಬರಲಿ ಎಂದು ಒಪ್ಪಿಬಿಟ್ಟರು. "ಇದನ್ನ ಮೊದಲ ಯಾಕ ಕೇಳ್ಲಿಲ್ಲೋ ತಮ್ಮಾ?" ಎಂದರು ಅವರಲ್ಲೇ ಎಲ್ಲರಿಗಿಂತ ಹಿರಿಯರು.

ಅವರು ಇಷ್ಟು ಸುಲಭವಾಗಿ ಒಪ್ಪಿದರೆಂಬ ಸುದ್ದಿಯನ್ನು ನೀಲಾಳಿಗೆ ನಾನಿನ್ನೂ ಹೇಳಿಲ್ಲ.