ಹೆಸರು ಕೇಳಲು ಹೋದವಳಿಗೆ ಕಣ್ಣು ಕೊಟ್ಟ ಮಾದಪ್ಪ

ಕಳೆದ ವರ್ಷ ಶ್ರಾವಣದಲ್ಲಿ, ಒಂದು ಚೆಸ್ ಟೂರ್ನಿಯ ನಡುವೆ, ಹೆಂಗಸರ ಶೌಚಾಲಯದ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿ ಮೈ ತಡವಿ ನೋಡಿದರು. ದುಪಟ್ಟದ ಅಂಚು, ಜಡೆ, ಚಪ್ಪಲಿಯ ಅಡಿ, ಏನನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಆದರೂ ಅಂದಿನಿಂದ ನಾನು ಕಳ್ಳಿಯಾದೆ. ಆ ಸಂಕಟವನ್ನೂ ಅದು ಕಳೆದ ಬಗೆಯನ್ನೂ ಮಾದಪ್ಪನನ್ನು ನಂಬಿದ ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳದಿದ್ದರೆ ನನ್ನ ಹರಕೆ ಪೂರ್ತಿಯಾಗುವುದಿಲ್ಲ.

ನಾನು ಯಳಂದೂರು ತಾಲ್ಲೂಕು ಮಾಂಬಳ್ಳಿಯ ಮಂಜುಳಾ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಮೈದಾನ ಕೆಸರಾದ ದಿನಗಳಲ್ಲಿ ಪಿ.ಟಿ. ಮೇಷ್ಟ್ರು ಹುಡುಗಿಯರ ಮುಂದೆ ಚೆಸ್ ಬೋರ್ಡು ಹಾಕುತ್ತಿದ್ದರು. ಉಳಿದವರು ಬಿಸಿಲು ಬಂದೊಡನೆ ಹೊರಗೆ ಓಡಿದರು, ನಾನು ಅಲ್ಲೇ ಕುಳಿತುಬಿಟ್ಟೆ. ಹಾಗೆ ಕುಳಿತವಳು ಜಿಲ್ಲೆ, ರಾಜ್ಯ, ದೇಶ ದಾಟಿ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆದೆ. ಚೆಸ್ಸೇ ನನ್ನ ಉದ್ಯೋಗ. ಟೂರ್ನಿಗಳಲ್ಲಿ ಆಡುತ್ತೇನೆ, ಹೊರದೇಶದ ಒಂದು ಕ್ಲಬ್ಬಿನ ಪರ ಆಡುತ್ತೇನೆ, ಉಳಿದ ದಿನಗಳಲ್ಲಿ ಮೈಸೂರಿನ ಬಾಡಿಗೆ ಮನೆಯಿಂದ ಮಕ್ಕಳಿಗೆ ಕಲಿಸುತ್ತೇನೆ.

ಈಗಿನ ಚೆಸ್ ಆಟಗಾರರೆಲ್ಲರಿಗೂ ಒಂದು ಭಯವಿದೆ. ಕೈಯಲ್ಲಿರುವ ಮೊಬೈಲು ಜಗತ್ತಿನ ಯಾವ ಚಾಂಪಿಯನ್‌ಗಿಂತಲೂ ಚೆನ್ನಾಗಿ ಆಡುತ್ತದೆ. ಹಾಗಾಗಿ ಆಟದ ನಡುವೆ ಯಾರಾದರೂ ಪದೇಪದೇ ಎದ್ದು ಹೋದರೆ, ಎಲ್ಲೋ ಮೊಬೈಲು ಬಚ್ಚಿಟ್ಟು ನೋಡಿ ಬರುತ್ತಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ನಾನು ಪದೇಪದೇ ಎದ್ದು ಹೋಗುತ್ತಿದ್ದೆ. ಅದು ನಿಜ. ಕೆಲವು ತಿಂಗಳುಗಳಿಂದ ನನಗೆ ತಡೆಯಲಾರದ ಬಾಯಾರಿಕೆ. ಎಷ್ಟು ಕುಡಿದರೂ ಸಾಲದು, ಕುಡಿದದ್ದು ಒಳಗೆ ನಿಲ್ಲದು. ಆಟದ ಒತ್ತಡ ಅಂದುಕೊಂಡಿದ್ದೆ. ದೂರು ಕೊಟ್ಟವಳು ದೀಪಾ, ಮೈಸೂರಿನವಳು, ಚಿಕ್ಕಂದಿನಿಂದ ಟೂರ್ನಿಗಳಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗಿದವಳು. ಅದು ಮೈ ತಡವಿದ್ದಕ್ಕಿಂತ ಹೆಚ್ಚು ಉರಿಯಿತು.

ವಿಚಾರಣೆ ನಡೆಯುತ್ತದೆ, ಅಲ್ಲಿಯವರೆಗೆ ಆಡಬಹುದು ಎಂದರು. ಇನ್ನು ಎದ್ದು ಹೋಗುವುದೇ ಬೇಡವೆಂದು ನಾನು ಆಟದ ದಿನ ನೀರು ಕುಡಿಯುವುದನ್ನೇ ನಿಲ್ಲಿಸಿದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು, ತಲೆ ಸುತ್ತುತ್ತಿತ್ತು. ಒಂದಾದ ಮೇಲೊಂದು ಆಟ ಸೋತೆ. ಅದೂ ಎಂಥ ಸೋಲು: ಬೋರ್ಡಿನ ಅಂಚಿನಲ್ಲಿ ನಿಂತ ಎದುರಾಳಿಯ ಆನೆ ನನಗೆ ಕಾಣಿಸುತ್ತಲೇ ಇರಲಿಲ್ಲ. ನನ್ನ ರಾಣಿಯನ್ನು ನೇರವಾಗಿ ಅದರ ಬಾಯಿಗೆ ಕೊಟ್ಟಿದ್ದೆ. ನೋಡಿದವರು ಏನೆನ್ನಬೇಕು? ಕಾವಲು ಹಾಕಿದ ಕೂಡಲೇ ಇವಳ ಆಟ ಮುಗಿಯಿತು ಅಂದರು. ವಾಟ್ಸಾಪ್‌ ಗುಂಪುಗಳಲ್ಲಿ ಅದೇ ಮಾತು. ಕ್ಲಬ್ಬಿನವರು ಈ ಸಲ ಬರುವುದು ಬೇಡವೆಂದು ಬರೆದರು. ಕಲಿಯಲು ಬರುತ್ತಿದ್ದ ಮಕ್ಕಳ ತಂದೆತಾಯಿಯರು ಪರೀಕ್ಷೆ, ಜ್ವರ ಎಂದು ಒಬ್ಬೊಬ್ಬರಾಗಿ ಜಾರಿಕೊಂಡರು. ನಾನು ಕದ್ದಿಲ್ಲವೆಂಬುದು ನನಗೊಬ್ಬಳಿಗೇ ಗೊತ್ತು. ಹಾಗಾದರೆ ನಾನು ಸೋಲುತ್ತಿರುವುದೇಕೆ ಎಂಬುದು ನನಗೂ ಗೊತ್ತಿಲ್ಲ.

ದೀಪಾವಳಿಗೆ ಊರಿಗೆ ಬಂದವಳು ಹಿಂದಿರುಗಲಿಲ್ಲ. ಒಂದು ದಿನ ರಾಗಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟು ಕೇಳಿದಳು.

"ಕೂಸೇ, ನಿಜ ಯೋಳು. ನೀ ಮಾಡಿದ್ದೀಯಾ?"

"ಇಲ್ಲ ಕನವ್ವ."

"ಅಂಗಾರೆ ಬೆಟ್ಟಕ್ಕ ಓಗಮ. ಆ ಮಾತ ಮಾದಪ್ಪನ ಮುಂದ ನಿಂತ್ಕಂಡು ಆಡು. ನಂಬೋರು ನಂಬಲಿ, ಬುಡೋರು ಬುಡಲಿ."

ಮಾದಪ್ಪನ ಮುಂದೆ ಆಣೆ ಇಡುವುದೆಂದರೆ ನಮ್ಮ ಕಡೆ ಹುಡುಗಾಟವಲ್ಲ. ಸುಳ್ಳಾಡಿದವರ ಮನೆ ಏನಾಯಿತೆಂಬ ಕಥೆ ಪ್ರತಿ ಹಳ್ಳಿಯಲ್ಲೂ ಇದೆ.

ಕಾರ್ತಿಕದ ಒಂದು ಸೋಮವಾರ ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸು ಹತ್ತಿದೆವು. ದಾರಿಯಲ್ಲಿ ತೊಂದರೆಯಾಗಬಾರದೆಂದು ಬೆಳಿಗ್ಗೆಯಿಂದ ಒಂದು ಗುಟುಕು ನೀರನ್ನೂ ಮುಟ್ಟಿರಲಿಲ್ಲ. ಕಾಮಗೆರೆ ದಾಟುವಷ್ಟರಲ್ಲಿ ಹೊಟ್ಟೆಯ ಕೆಳಗೆ ಬಿಗಿಯತೊಡಗಿತು. ಹನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಓಡಿ ಬಂದೆ. ಕೌದಳ್ಳಿ ದಾಟಿದ ಮೇಲೆ ಮತ್ತೆ. ತಾಳಬೆಟ್ಟದಲ್ಲಿ ನಾಚಿಕೆ ಬಿಟ್ಟು ಕಂಡಕ್ಟರನ್ನು ಕೇಳಿಕೊಂಡೆ.

"ಅನೂರಲ್ಲಿ ಇಳ್ದಿದ್ರಲ್ಲಮ್ಮ," ಎಂದರು ಅವರು. "ಈಗ ಗಾಟಿ ಅತ್ಬೇಕು ಬಸ್ಸು. ಬಿರ್ರನೆ ಬನ್ನಿ."

ಹಿಂದಿನ ಸೀಟಿನ ಹುಡುಗರು ನಕ್ಕರು. ನಾನು ತಿರುಗಿ ಬಂದು ಕುಳಿತಾಗ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೆಳಗಿಂದ ನೀರೇ ಕುಡ್ದಿಲ್ಲ ನೀನು. ಇದೆಲ್ಲಿಂದ ಬತ್ತದ ಕೂಸೇ?"

ಆ ಪ್ರಶ್ನೆಯನ್ನು ಅಷ್ಟು ತಿಂಗಳಲ್ಲಿ ನಾನೇ ಕೇಳಿಕೊಂಡಿರಲಿಲ್ಲ.

ಬೆಟ್ಟದಲ್ಲಿ ಸರತಿಯಲ್ಲಿ ನಿಂತು ಸನ್ನಿಧಿಗೆ ಬಂದೆವು. ನಾನು ಕಣ್ಣು ಮುಚ್ಚಿ ಹೇಳಿದೆ: "ಮಾದಪ್ಪ, ನಾನು ಕದ್ದಿಲ್ಲ. ಕದ್ದಿದ್ದರೆ ನನ್ನ ಆಟವನ್ನು ಈಗಲೇ ಕಿತ್ತುಕೊ. ಕದ್ದಿಲ್ಲವಾದರೆ ನನ್ನ ಹೆಸರನ್ನು ನನಗೆ ಕೊಡು. ತಾಳಬೆಟ್ಟದಿಂದ ನಡೆದು ಬಂದು ನಿನಗೆ ಕೈಮುಗಿಯುತ್ತೇನೆ."

ಹೊರಗೆ ಪ್ರಾಕಾರದಲ್ಲಿ ನಾಲ್ಕು ಹೆಜ್ಜೆ ನಡೆದಿದ್ದೆನೋ ಇಲ್ಲವೋ, ಕಾಲ ಕೆಳಗೆ ಯಾರದೋ ಕೈ ಸಿಕ್ಕಿತು. ಉರುಳುಸೇವೆ ಮಾಡುತ್ತಿದ್ದ ಒಬ್ಬ ಹೆಂಗಸು ನೋವಿನಿಂದ ಕೂಗಿದಳು.

"ಕಣ್ ಕಾಣಕಿಲ್ವಾ ನಿಂಗ?"

ಬಗ್ಗಿ ಕೈಮುಗಿದು ತಪ್ಪಾಯಿತು ಎಂದೆ. ಅವಳು ಉರುಳಿಕೊಂಡು ಮುಂದೆ ಹೋದಳು. ಅವ್ವ ಮಾತ್ರ ಅಲ್ಲೇ ನಿಂತಳು.

"ಪಕ್ಕದಲ್ಲೇ ಬತ್ತಿದ್ಲಲ್ಲ. ನೋಡ್ನಿಲ್ವಾ?"

"ಇಲ್ಲವ್ವ. ಯಾರೂ ಇರಲಿಲ್ಲ."

ಅವ್ವ ನನ್ನ ಎದುರಿಗೆ ಬಂದು ನಿಂತು, ತನ್ನ ಮುಖವನ್ನೇ ನೋಡು ಎಂದು, ಒಂದು ಕೈಯನ್ನು ಅಗಲಕ್ಕೆ ಚಾಚಿದಳು. "ಕೈ ಕಂಡದಾ?" ಕಾಣಲಿಲ್ಲ. ಇನ್ನೊಂದು ಕೈ ಚಾಚಿದಳು. ಅದೂ ಇಲ್ಲ. ಅವ್ವನ ಮುಖವಿತ್ತು, ಅದರ ಎರಡು ಪಕ್ಕದ ಲೋಕ ಇರಲಿಲ್ಲ. ಅದು ನಿಧಾನವಾಗಿ ಹೋಗಿದ್ದರಿಂದ ಹೋದದ್ದೇ ನನಗೆ ತಿಳಿದಿರಲಿಲ್ಲ.

ಅಂಚಿನಲ್ಲಿ ನಿಂತ ಆ ಆನೆಗಳು ಆಗ ನೆನಪಾದವು. ಆದರೆ ಅವ್ವನಿಗೆ ನೆನಪಾದದ್ದು ಬೇರೆ. ಆಣೆ ಇಟ್ಟು ಇನ್ನೂ ಹಣೆಯ ವಿಭೂತಿ ಒಣಗಿಲ್ಲ, ಆಗಲೇ ಮಗಳಿಗೆ ಕಣ್ಣು ಕಾಣುತ್ತಿಲ್ಲ. ಅವಳು ನನ್ನ ಎರಡೂ ಭುಜ ಹಿಡಿದಳು.

"ನೀ ಸುಳ್ ಯೋಳ್ನಿಲ್ಲ ತಾನೆ, ಮಂಜಿ?"

ಕದ್ದಿಲ್ಲವೆಂದು ಗೊತ್ತಿದ್ದ ನನಗೇ ಆ ಗಳಿಗೆಯಲ್ಲಿ ಹೆದರಿಕೆಯಾಯಿತು. ಆಟವನ್ನು ಕಿತ್ತುಕೊ ಎಂದು ನಾನೇ ಕೇಳಿದ್ದೆನಲ್ಲ.

ಇಳಿಯುವ ಬಸ್ಸಿನಲ್ಲಿ ಅವ್ವ ನನ್ನ ಕೈ ಬಿಡಲಿಲ್ಲ. ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ನನಗೆ ಕಣ್ಣು ಕತ್ತಲಿಟ್ಟು ಬರುತ್ತಿತ್ತು. ಹನೂರು ಬಿಟ್ಟ ಮೇಲೆ ವಾಂತಿಯಾಯಿತು. ಅವ್ವ ಕಾಮಗೆರೆಯಲ್ಲೇ ನನ್ನನ್ನು ಇಳಿಸಿ ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಡ್ರಿಪ್ ಹಾಕಿಸಿ, ಸಕ್ಕರೆ ಕಾಯಿಲೆ ಇಲ್ಲವೆಂದು ಪರೀಕ್ಷೆ ಮಾಡಿ, ಬಾಯಾರಿಕೆಯ ವಿಷಯ, ಕಣ್ಣಿನ ವಿಷಯ ಎರಡನ್ನೂ ಕೇಳಿಕೊಂಡರು. ಪೆನ್ನನ್ನು ಪಕ್ಕದಿಂದ ಮುಂದಕ್ಕೆ ತಂದು ಯಾವಾಗ ಕಾಣುತ್ತದೆ ಹೇಳಿ ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

"ಎರಡಕ್ಕೂ ಬೇರು ಒಂದೇ ಇರಬಹುದು. ತಲೆಯ ಸ್ಕ್ಯಾನ್ ಆಗಬೇಕು. ಮೈಸೂರಿಗೆ ಹೋಗಿ, ನಾಳೆಗೆ ಇಡಬೇಡಿ."

ಸ್ಕ್ಯಾನಿನಲ್ಲಿ ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಕೂಡುವ ಕಡೆ, ಒಂದು ಗಡ್ಡೆ ಕಂಡಿತು. ದೇಹದಲ್ಲಿ ನೀರನ್ನು ಹಿಡಿದಿಡುವ ಗ್ರಂಥಿಯನ್ನು ಅದು ಕೆಡಿಸಿತ್ತು, ಕಣ್ಣಿನ ನರವನ್ನು ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ, ಆದರೆ ಇನ್ನೂ ತಡವಾಗಿದ್ದರೆ ಎರಡೂ ಕಣ್ಣು ಹೋಗುತ್ತಿದ್ದವು ಎಂದರು ಮೈಸೂರಿನ ಸರ್ಜನ್. ಅವ್ವ ಕೇಳಿದ್ದು ಒಂದೇ ಮಾತು.

"ಇದು ಯಾವಾಗಿಂದ ಅದ ಸಾ?"

"ಒಂದೆರಡು ವರ್ಷದಿಂದ ಬೆಳೆದಿರಬೇಕಮ್ಮ."

ಗಡ್ಡೆಯ ಸುದ್ದಿ ಕೇಳಿ ಅಳದವಳು ಆ ಮಾತಿಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಅವ್ನು ಕಿತ್ಕಳ್ನಿಲ್ಲ ಕೂಸೇ, ತೋರ್ಸ್ದ," ಎಂದಳು.

ಮೂಗಿನ ಮೂಲಕ ಶಸ್ತ್ರಚಿಕಿತ್ಸೆ. ಕಣ್ಣು ಬರಬಹುದು, ಬಾರದೆಯೂ ಇರಬಹುದು ಎಂದು ಮೊದಲೇ ಹೇಳಿದ್ದರು. ಮಿದುಳಿನ ಹತ್ತಿರ ಕೈ ಆಡಿಸುತ್ತಾರೆ, ನನ್ನ ಚೆಸ್ ಉಳಿಯುತ್ತದೆಯೇ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಅರಿವಳಿಕೆ ಕೊಡುವ ಮುನ್ನ, ಗ್ರ್ಯಾಂಡ್‌ಮಾಸ್ಟರ್ ಪದವಿ ತಂದುಕೊಟ್ಟ ಆಟವನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಆಡಿದೆ. ಎಚ್ಚರವಾದಾಗ ಮೂಗು ತುಂಬ ಬಟ್ಟೆ, ಬಾಯಲ್ಲಿ ಉಸಿರು. ಮತ್ತೆ ಅದೇ ಆಟ ಆಡಿದೆ. ಒಂದು ನಡೆಯೂ ತಪ್ಪಲಿಲ್ಲ. ಆಮೇಲೆ, ತಲೆ ತಿರುಗಿಸದೆ ಸುಮ್ಮನೆ ಮೇಲೆ ನೋಡುತ್ತಿದ್ದವಳಿಗೆ, ಎಡಗಡೆ ಏನೋ ಹಸಿರು ಅಲುಗಿದ್ದು ಕಂಡಿತು. ಅದು ಸ್ಟೂಲಿನ ಮೇಲೆ ಕುಳಿತಿದ್ದ ಅವ್ವನ ಸೀರೆ.

ಆಸ್ಪತ್ರೆಯ ವರದಿಗಳನ್ನು ಟೂರ್ನಿಯವರಿಗೆ ಕಳಿಸಿದೆ. ಅವರು ಓದಿ, ತಜ್ಞರನ್ನು ಕೇಳಿ, ನನ್ನ ಮೇಲೆ ಯಾವ ಆರೋಪವೂ ನಿಲ್ಲುವುದಿಲ್ಲವೆಂದು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. ಸಂಕ್ರಾಂತಿ ಕಳೆದ ಮೇಲೆ ದೀಪಾ ಮಾಂಬಳ್ಳಿಗೆ ಬಂದಳು. ಜಗಲಿಯ ಮೇಲೆ ಕುಳಿತು ತಲೆ ಎತ್ತಲಿಲ್ಲ.

"ನನಗೆ ಹಾಗೆ ಅನ್ನಿಸ್ತು, ಮಂಜುಳಾ. ಅದಕ್ಕೇ ದೂರು ಕೊಟ್ಟೆ," ಎಂದಳು.

ನನ್ನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅವ್ವ ಅವಳ ಮುಂದೆ ತಟ್ಟೆ ಇಟ್ಟಳು. "ನೀ ಆ ಮಾತ ಆಡ್ದೇ ಇದ್ರ ನಾವು ಬೆಟ್ಟಕ್ಕ ಓಯ್ತಿರ್ನಿಲ್ಲ ಕನವ್ವ. ಉಣ್ಣು ಮೊದ್ಲು."

ಈಗ ದಿನವೂ ಮಾತ್ರೆ ನುಂಗಬೇಕು, ಅದು ಜೀವಮಾನಕ್ಕೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕು, ಗಡ್ಡೆ ಮತ್ತೆ ಬೆಳೆಯಬಹುದು. ಬಲಗಣ್ಣಿನ ಅಂಚು ಇನ್ನೂ ಮಸುಕು. ರೇಟಿಂಗ್ ಬಿದ್ದದ್ದು ಬಿದ್ದೇ ಇದೆ. ನನಗೆ ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಹೆಸರು ಕೇಳಿದ್ದೆ, ಅವನು ಕಣ್ಣು ಕೊಟ್ಟ, ಹೆಸರನ್ನು ಅದರ ಹಿಂದೆಯೇ ಕಳಿಸಿದ. ನಮಗೆ ಏನು ಬೇಕೆಂದು ನಮಗಿಂತ ಮೊದಲು ಬಲ್ಲವನೊಬ್ಬನಿದ್ದಾನೆ ಎಂಬುದನ್ನು ನಾನು ಯಾರೋ ಹೇಳಿ ತಿಳಿದವಳಲ್ಲ.

ಶಿವರಾತ್ರಿ ಕಳೆದು ಅವ್ವನೂ ನಾನೂ ತಾಳಬೆಟ್ಟದಿಂದ ನಡೆದು ಬೆಟ್ಟ ಹತ್ತಿ ಹರಕೆ ಒಪ್ಪಿಸಿದೆವು. ಮರುವಾರವೇ ನನಗೆ ಟೂರ್ನಿಯಿತ್ತು. ಸನ್ನಿಧಿಯಲ್ಲಿ ಕೈಮುಗಿದು, ಏನು ಕೇಳಲಿ ಎಂದು ಅವ್ವನನ್ನು ಕೇಳಿದೆ.

"ಕೇಳ್ಬ್ಯಾಡ," ಎಂದಳು ಅವ್ವ. "ಗೆದ್ರೂ ಅವನ್ಗೇ ಬುಡು, ಸೋತ್ರೂ ಅವನ್ಗೇ ಬುಡು. ನೀ ಓಗಿ ಆಡು."