ಬೈಂದೂರಿನ ಮೊದಲ ಬಸ್ಸಿಗೆ ಯಾರು?

ನನ್ನ ಸೋದರಮಾವನಿಗೆ ಏಳೋ ಎಂಟೋ ಬಸ್ಸುಗಳಿದ್ದವು. ಎಂಟು ಎಂದು ನನ್ನ ನೆನಪು. ಅದರಲ್ಲೊಂದು ಸದಾ ಗ್ಯಾರೇಜಿನಲ್ಲೇ ಇರುತ್ತಿತ್ತು, ಅದನ್ನು ಬಸ್ಸೆಂದು ಎಣಿಸಬೇಕೇ ಎಂಬ ಅನುಮಾನ ಈಗಲೂ ಇದೆ. ಅರವತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದಿದ್ದ ನಾನು, ಮುಂದೇನೆಂದು ತೋಚದೆ, ಕುಂದಾಪುರದ ಮಾವನ ಆಫೀಸಿನಲ್ಲಿ ಕುರ್ಚಿ ಬದಲಿಸುತ್ತಾ ಕಾಲ ಕಳೆಯುತ್ತಿದ್ದೆ.

ಮಾವನ ತಲೆನೋವೆಲ್ಲ ಬೈಂದೂರಿನ ಮೊದಲ ಬಸ್ಸಿನದು. ರಾತ್ರಿ ಅಲ್ಲೇ ತಂಗಿ, ಬೆಳಕು ಹರಿಯುವ ಮುಂಚೆ ಅದು ಹೊರಡಬೇಕು. ಡ್ರೈವರ್ ಯಾರೆಂಬ ಗೊಂದಲದಲ್ಲಿ ಎರಡು ಸಲ ಹೊರಟೇ ಇರಲಿಲ್ಲ. ಇನ್ನೊಮ್ಮೆ ಹೀಗಾದರೆ ಆ ಸಮಯವನ್ನು ಬೇರೆ ಕಂಪನಿಗೆ ಕೊಡುವುದಾಗಿ ಸಾರಿಗೆ ಅಧಿಕಾರಿ ಮಾವನನ್ನು ಕರೆಸಿ ಹೇಳಿದ್ದರು. ಮಾವನ ಗಳಿಕೆಯೆಲ್ಲ ನಿಂತಿದ್ದುದು ಆ ಒಂದು ಲೈನಿನ ಮೇಲೆ.

ಆಗ ಮುಂಬಯಿಯ ಒಂದು ಕಂಪನಿಯಿಂದ ಟೈ ಕಟ್ಟಿದವರೊಬ್ಬರು ಬಂದರು. ಡ್ರೈವರುಗಳ ವಿವರ ಕಳಿಸಿದರೆ ತೂತಿನ ಕಾರ್ಡುಗಳನ್ನು ಗಣಕಯಂತ್ರಕ್ಕೆ ಹಾಕಿ, ತಿಂಗಳ ಡ್ಯೂಟಿಯನ್ನೆಲ್ಲ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸುತ್ತಾರಂತೆ. ನಾನು ತಡೆದೆ. "ಇದನ್ ನಾವೇ ಮಾಡುಕಾತ್ ಮಾವ."

"ನಿಂಗೆ ಹಾರ್ನ್ ಹೊಡುಕೂ ಬತ್ತಿಲ್ಲೆ."

"ಹಾರ್ನಿಗೆ ಡ್ರೈವರ್ ಇದ್ರಲೆ. ಯಾವ ಡ್ರೈವರ್ ಎಲ್ಲಿ ಅಂಬುದನ್ನ್ ನಂಗೆ ಬಿಡಿ."

ಮಾವ ಇಬ್ಬರನ್ನೂ ಬಿಡಲಿಲ್ಲ. "ಒಂದ್ ತಿಂಗ್ಳ್ ಅವ್ರದ್, ಒಂದ್ ತಿಂಗ್ಳ್ ನಿಂದ್. ಕಾಂಬ."

ಮುಂಬಯಿಯ ಹಾಳೆ ನೋಡಲು ಚಂದವಿತ್ತು, ಎಲ್ಲರಿಗೂ ಸರಿಸಮ ಪಾಳಿ. ಮೊದಲ ವಾರವೇ, ಎದುರು ದಿಕ್ಕಿನ ಬ್ರಹ್ಮಾವರದ ಡ್ರೈವರನಿಗೆ ಬೈಂದೂರಿನ ರಾತ್ರಿ ತಂಗುವ ಬಸ್ಸು ಬಿತ್ತು. ಅವನು ಮಾವನ ಮುಂದೆ ಬಂದು ನಿಂತ. "ಧಣಿ, ಬೈಂದೂರಂಗೆ ನಾ ಎಲ್ಲ್ ಮನಿಕಂಬುದ್?"

ನಮ್ಮಲ್ಲಿ ತಂಗುವ ಬಸ್ಸಿಗೆ ಆ ಕಡೆಯ ಎರಡು ಮೂರು ಡ್ರೈವರುಗಳಲ್ಲೊಬ್ಬನೇ ಹೋಗುವುದು. ಊಟ, ಹಾಸಿಗೆ, ಬೆಳಿಗ್ಗೆ ಎಬ್ಬಿಸುವುದು ಎಲ್ಲ ಅವನ ಮನೆಯಲ್ಲೇ. ಬೈಂದೂರಿಗೆ ಅಂಟಿಕೊಂಡ ಯಡ್ತರೆಯ ಡ್ರೈವರನ ಹೆಂಡತಿಯೇ ನಮ್ಮ ಅಲಾರಾಂ ಗಡಿಯಾರ. ಇದನ್ನು ಯಾರೂ ಮುಂಬಯಿಗೆ ತಿಳಿಸಿರಲಿಲ್ಲ. ಒಬ್ಬನನ್ನು ಬದಲಿಸಿದರೆ ಉಳಿದವರೆಲ್ಲ ಸರಿಯಬೇಕು, ಹಾಳೆಯ ತುಂಬ ಕೆಂಪು ಪೆನ್ಸಿಲ್ಲು. 'ನೀವು ಹೇಳಿರಲಿಲ್ಲ' ಎಂದು ಅವರು ಬರೆದರು. ನಿಜವೇ.

ಮುಂದಿನ ತಿಂಗಳು ನನ್ನದು. ಗುಲ್ವಾಡಿಯ ಆಚಾರಿಯಿಂದ ತೂತುಗಳ ಒಂದು ಹಲಗೆ ಮಾಡಿಸಿದೆ. ಬಣ್ಣದ ಗೂಟಗಳು: ಬಣ್ಣವೆಂದರೆ ಡ್ರೈವರು, ಸಾಲೆಂದರೆ ಬಸ್ಸು, ಸಾಲಿನ ಒಂದೊಂದು ತೂತೂ ಒಂದೊಂದು ದಿನ. ಹಸಿರು ಯಡ್ತರೆಯವನೋ ನೀಲಿಯೋ, ಈಗ ಹೇಳಲಾರೆ. ಹಲಗೆ ಸೊಗಸಾಗಿ ನಡೆಯಿತು. ಗೂಟಗಳ ಅರ್ಥ ನನ್ನೊಬ್ಬನಿಗೇ ಗೊತ್ತಿದ್ದುದು ಆಗ ನನಗೆ ದೊಡ್ಡಸ್ತಿಕೆಯಾಗಿ ಕಂಡಿತ್ತು.

ನವರಾತ್ರಿಗೆ ಬಾರ್ಕೂರಿನ ಅಜ್ಜಿಯ ಮನೆಗೆ ಹೋದೆ. ಮರಳಿದಾಗ ಆಯುಧಪೂಜೆ ಮುಗಿದಿತ್ತು. ಬಸ್ಸುಗಳಿಗೆಲ್ಲ ಹೂಮಾಲೆ. ಕಂಪನಿಯ ಆಯುಧವಲ್ಲವೇ ಎಂದು ಗುಮಾಸ್ತರು ನನ್ನ ಹಲಗೆಯನ್ನೂ ತೊಳೆದು ಕುಂಕುಮ ಹಚ್ಚಿದ್ದರು. ತೊಳೆಯಲು ಕಿತ್ತ ಗೂಟಗಳನ್ನು ಮತ್ತೆ ನೆಟ್ಟಿದ್ದರು, ಕೆಂಪೆಲ್ಲ ಒಂದು ಸಾಲು, ಹಳದಿಯೆಲ್ಲ ಒಂದು ಸಾಲು.

"ಚಂದ ಕಾಂತಿಲ್ಯಾ?" ಎಂದರು.

ಬೈಂದೂರಿಗೆ ಸಂಜೆಯ ಕೊನೆಯ ಬಸ್ಸು ಹೊರಡುವ ಹೊತ್ತು. ನಾಳೆ ಬೆಳಿಗ್ಗೆ ಅದೇ ಮೊದಲ ಬಸ್ಸು. ಹಬ್ಬದ ಗಡಿಬಿಡಿಯಲ್ಲಿ ಪ್ರತಿ ಡ್ರೈವರನೂ ಪಾಳಿ ಇನ್ನೊಬ್ಬನದೆಂದುಕೊಂಡು ಮನೆಯನ್ನೋ ನೆಂಟರ ಊರನ್ನೋ ಸೇರಿದ್ದ.

"ಅಳಿಯ, ಬೈಂದೂರಿಗೆ ಯಾರ್?" ಎಂದರು ಮಾವ.

ಹಲಗೆ ನೋಡಿದೆ. ಏನೂ ನೆನಪಾಗಲಿಲ್ಲ. ನೆನಪಿಡುವ ಕೆಲಸವನ್ನು ಗೂಟಗಳಿಗೇ ಬಿಟ್ಟಿದ್ದೆನಲ್ಲ.

ಮಾವ ಪಂಚೆ ಎತ್ತಿ ಕಟ್ಟಿದರು. ಸ್ವಂತ ಬಸ್ಸು ಕೊಳ್ಳುವ ಮುಂಚೆ ಅವರೂ ಡ್ರೈವರೇ. "ಹತ್ತ್. ಕಂಡಕ್ಟರ್ ನೀನೇ."

ದಾರಿಯುದ್ದಕ್ಕೂ ಗೇರು ಬದಲಿಸುವಾಗಲೆಲ್ಲ ಮಾವ ನನ್ನತ್ತ ಒಂದು ನೋಟ ಬೀರುತ್ತಿದ್ದರು. ಯಡ್ತರೆಯ ಡ್ರೈವರ್ ನೆಂಟರ ಊರಿಗೆ ಹೋಗಿದ್ದ, ಅವನ ಮನೆಯಲ್ಲೇ ಉಂಡು ಮಲಗಿದೆವು. ನಸುಕಿನಲ್ಲಿ ಆ ಮನೆಯಾಕೆ ಕಾಫಿ ತಂದಿಟ್ಟು ಕೇಳಿದಳು: "ಧಣಿಯರಿಗೂ ಡ್ಯೂಟಿ ಹಾಕಿತಾ ಆ ಹಲ್ಗಿ?"

ಮಾವ ಕಾಫಿ ಚೆಲ್ಲುವಷ್ಟು ನಕ್ಕರು. ಬಸ್ಸು ಸಮಯಕ್ಕೆ ಸರಿಯಾಗಿ ಹೊರಟಿತು.

ಹೆಮ್ಮಾಡಿ ದಾಟುವಾಗ ಅವರು ತೀರ್ಪು ಕೊಟ್ಟರು. "ಯಾರ್ ಎಲ್ಲ್ ಮನಿಕಂತ್ರ್, ಯಾರಿಗೆ ಯಾವ್ ಹಬ್ಬ, ಅದೆಲ್ಲ ನೀ ಬರ್ದ್ ಕಳ್ಸ್. ಅಚ್ಚ್ ಅವ್ರ್ ಹಾಕ್ಲಿ. ಬಂದದ್ದನ್ನ್ ಗ್ವಾಡಿಗೆ ಅಂಟ್ಸ್, ಎಲ್ರೂ ಓದ್ಲಿ."

ಹಾಗೇ ಆಯಿತು. ಲೈನು ಉಳಿಯಿತು. ಆ ಹಲಗೆ ಕೊನೆಗೆ ಏನಾಯಿತೋ. ಗುಮಾಸ್ತರು ಅದಕ್ಕೆ ಹಲವು ವರ್ಷ ಕುಂಕುಮ ಹಚ್ಚುತ್ತಿದ್ದರೆಂದು ಮಾವನ ಮಗ ಹೇಳುತ್ತಾನೆ. ನಂಬಬೇಕೋ ಬೇಡವೋ ತಿಳಿಯದು, ಆದರೆ ನಂಬಲು ಆಸೆ.