ಶಾರ್ಟ್‌ಸ್ಟಾಪ್‌ನಲ್ಲಿ ನಿಂತವಳ ಎತ್ತರ

ಭಾನುವಾರ ಬೆಳಿಗ್ಗೆ ಮಲೇಷ್ಯಾದ ಬಯಾನ್ ಲೆಪಾಸ್‌ನ ಫ್ಯಾಕ್ಟರಿಗಳು ಮಲಗಿರುವಂತೆ ಕಾಣುತ್ತವೆ, ಒಳಗೆ ಶಿಫ್ಟ್ ನಡೆಯುತ್ತಲೇ ಇದ್ದರೂ. ಅವುಗಳ ಹಿಂದಿನ ಮೈದಾನದ ಹುಲ್ಲಿನಿಂದ ತೆಳ್ಳಗೆ ಹಬೆ ಏಳುತ್ತಿರುತ್ತದೆ. ಇಳಿಯಲು ಬರುವ ವಿಮಾನಗಳು ತೀರಾ ಕೆಳಗೆ ಹಾಯುತ್ತವೆ. ಅವುಗಳ ನೆರಳು ಮಕ್ಕಳ ತಲೆ ಮೇಲೆ ಒಮ್ಮೆ ಕೈಯಾಡಿಸಿ ಹೋಗುತ್ತದೆ. ನಾನು ಸಿಮೆಂಟಿನ ಮೆಟ್ಟಿಲ ಮೇಲೆ ಕೂತು, ತಮಿಳು ಮುಸ್ಲಿಮರ ಮಮಾಕ್ ಅಂಗಡಿಯಿಂದ ತಪಾವ್ ಮಾಡಿಸಿ, ಅಂದರೆ ಚೀಲಕ್ಕೆ ಕಟ್ಟಿಸಿ, ತಂದ ಚಹಾ ಕುಡಿಯುತ್ತಾ, ಅರ್ಧ ಎಚ್ಚರ ಅರ್ಧ ಮಂಪರಿನಲ್ಲಿ ಮಗಳ ಬೇಸ್‌ಬಾಲ್ ನೋಡುತ್ತಿದ್ದೆ. ಆಟ ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವವರನ್ನು ಶಾರ್ಟ್‌ಸ್ಟಾಪ್ ಅನ್ನುತ್ತಾರೆ. ಮಗಳ ಜಾಗ ಅದು. ಹೊಡೆದ ಚೆಂಡುಗಳಲ್ಲಿ ಬಹಳಷ್ಟು ಅತ್ತಲೇ ನುಗ್ಗುತ್ತವೆ. ಓಡಿ ಹಿಡಿಯಬೇಕು, ಹಿಡಿದ ಗಳಿಗೆಯಲ್ಲೇ ಮೈದಾನದ ಆಚೆ ಬದಿಯ ಮೊದಲ ಬೇಸಿಗೆ ಎಸೆಯಬೇಕು. ಹೊಡೆದವರು ಅಲ್ಲಿಗೆ ಓಡಿ ಮುಟ್ಟುವ ಮೊದಲು ಚೆಂಡು ಮುಟ್ಟಿದರೆ ಔಟ್.

ನನ್ನ ಗಂಡ ಬೆಂಗಳೂರಿನ ಗಲ್ಲಿ ಕ್ರಿಕೆಟ್‌ನಲ್ಲಿ ಪಳಗಿದವರು. ಶುರುವಿನಲ್ಲಿ ತಾವೇ ಗುರುವಾದರು. ಚೆಂಡು ಉರುಳಿ ಬಂದರೆ ಒಂದು ಮೊಣಕಾಲು ನೆಲಕ್ಕೂರಿ ಅಡ್ಡಗೋಡೆಯಂತೆ ಕೂರಬೇಕು ಎಂದು ನಮ್ಮ ಕಂಡೋ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ವಾರಗಟ್ಟಲೆ ಪಾಠ ಮಾಡಿದರು. ಅವಳು ಮೈದಾನದಲ್ಲಿ ಹಾಗೇ ಕೂತಳು. ಚೆಂಡೇನೋ ನಿಂತಿತು, ಅವಳು ಎದ್ದು ಎಸೆಯುವಷ್ಟರಲ್ಲಿ ಓಡಿದ ಹುಡುಗ ಬೇಸ್ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಕೋಚ್ ತೈವಾನಿನವರು, ನನ್ನ ಗಂಡನ ಫ್ಯಾಕ್ಟರಿಯಲ್ಲೇ ಎಂಜಿನಿಯರ್. ಅವರು ತಲೆ ಮೇಲೆ ಕೈ ಹೊತ್ತು, “ಯಾರು ಲಾ ಇವಳಿಗೆ ಕೂರೋಕೆ ಹೇಳಿದ್ದು?” ಎಂದು ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ ಕೂಗಿದರು. ನನ್ನ ಗಂಡ ಆಕಾಶದಲ್ಲಿ ವಿಮಾನ ಹುಡುಕತೊಡಗಿದರು.

ನಾನು ಹೇಳಹೊರಟಿದ್ದು ಕಳೆದ ವರ್ಷದ ಒಂದು ಭಾನುವಾರದ ವಿಷಯ. ಆ ದಿನ ಕೋಚ್ ಅವರ ದೇಶದಿಂದ ಒಬ್ಬ ಹೆಂಗಸು ಬಂದಿದ್ದರು. ಐವತ್ತು ದಾಟಿದವರು, ಹಿಂದೆ ಆಡುತ್ತಿದ್ದವರು, ಈಗ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುವ ಒಂದು ವಸತಿ ಶಾಲೆಯಲ್ಲಿ ತರಬೇತಿ ಕೊಡುತ್ತಾರಂತೆ. ಅವರಿಗೆ ಒಬ್ಬಳು ಶಾರ್ಟ್‌ಸ್ಟಾಪ್ ಬೇಕಿತ್ತು. ಮಗಳಿಗೆ ಆಗ ಹದಿಮೂರು. ಹುಟ್ಟುಹಬ್ಬಕ್ಕೂ ಏನೂ ಕೇಳದ ಹುಡುಗಿ ಇದನ್ನು ಮಾತ್ರ ಬಾಯಿಬಿಟ್ಟು ಕೇಳಿದ್ದಳು, “ಐ ವಾಂಟ್ ದಿಸ್, ಅಮ್ಮಾ” ಎಂದು. ನನಗೆ ಅವಳು ಹೋಗುವುದು ಬೇಕಿರಲಿಲ್ಲ. ಆಯ್ಕೆಯಾಗದೆ ಅಳುವುದೂ ಬೇಕಿರಲಿಲ್ಲ. ಬೆಳಿಗ್ಗೆ ದೀಪ ಹಚ್ಚುವಾಗ ಎರಡನ್ನೂ ದೇವರಿಗೆ ಒಟ್ಟಿಗೆ ಹೇಳಿದ್ದೆ. ಅವನೇ ತಲೆ ಕೆಡಿಸಿಕೊಳ್ಳಲಿ ಅಂತ.

ನನ್ನ ಕೆಲಸವೂ ಆರಿಸುವುದೇ. ಮೈಕ್ರೋಸ್ಕೋಪಿನಡಿ ಚಿಪ್ ಇಟ್ಟು ಇದು ಪಾಸ್, ಇದು ಫೇಲ್ ಎನ್ನುವ ವಿಭಾಗದವಳು ನಾನು. ಹಾಗಾಗಿ ಆ ಹೆಂಗಸು ಹೇಗೆ ನೋಡುತ್ತಾರೆ ಎನ್ನುವುದನ್ನೇ ನೋಡುತ್ತಾ ಕೂತೆ. ಆಕೆ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಚೆಂಡು ಬೇರೆ ದಿಕ್ಕಿಗೆ ಹೋದಾಗಲೂ ಆಕೆಯ ಕಣ್ಣು ಮಗಳ ಪಾದಗಳ ಮೇಲಿತ್ತು. ನಾನೂ ಅಲ್ಲೇ ಕಣ್ಣಿಟ್ಟೆ. ಬ್ಯಾಟಿಗೆ ಚೆಂಡು ತಾಗುವ ತುಸು ಮೊದಲು ಮಗಳ ಹಿಮ್ಮಡಿಗಳು ನೆಲ ಬಿಟ್ಟು ಏಳುತ್ತಿದ್ದವು, ರಂಗೋಲಿ ತುಳಿಯದೆ ದಾಟುವವರ ಹಾಗೆ. ಆಮೇಲೆ ಓಡಿದ್ದೂ ಬಗ್ಗಿದ್ದೂ ಹಿಡಿದದ್ದೂ ಒಂದೇ ಉಸಿರಿನಲ್ಲಿ ಆಗಿಹೋಗುತ್ತಿತ್ತು. ಇಷ್ಟು ವರ್ಷ ಬಟ್ಟೆ ಒಗೆದು, ಊಟ ಕಟ್ಟಿ, ಕರೆದುಕೊಂಡು ಬಂದು ಕೂತರೂ ನಾನು ಇದನ್ನು ಕಂಡಿರಲಿಲ್ಲ. ಬಿಸಿಲು ಹಬೆಯೊಳಗೆ ಕರಗಿ ಮೈದಾನವೆಲ್ಲ ಹಾಲಿನ ಬಣ್ಣವಾಗಿತ್ತು. ಅದರೊಳಗೆ ಆಡುತ್ತಿದ್ದ ಹುಡುಗಿ ಯಾರ ಮಗಳೋ ಅನ್ನಿಸುವಷ್ಟು ಚೆಂದವಾಗಿದ್ದಳು.

ಆಮೇಲೆ ಕೋಚ್ ಬೇಕಂತಲೇ ಅವಳ ಬಲಕ್ಕೆ, ಮೂರನೇ ಬೇಸಿನ ಹಿಂದಿನ ಆಳಕ್ಕೆ ಹೊಡೆಯತೊಡಗಿದರು. ಅಲ್ಲಿಂದ ಮೊದಲ ಬೇಸ್ ಬಲು ದೂರ. ಅವಳು ಗ್ಲೌಸಿನ ಕೈಯನ್ನು ಅಡ್ಡ ಚಾಚಿ ಹಿಡಿದಳು, ಕಾಲೂರಿ ಎಸೆದಳು. ಚೆಂಡು ಬೇಸ್ ತಲುಪುವ ಮೊದಲೇ ನೆಲಕ್ಕೆ ಬಿದ್ದು ಪುಟಿಯಿತು. ಮತ್ತೆ ಹೊಡೆದರು, ಮತ್ತೆ ಹಾಗೇ ಆಯಿತು. ಅವಳು ತುಟಿ ಕಚ್ಚಿಕೊಂಡು ಇನ್ನೂ ಜೋರಾಗಿ ಎಸೆದಳು. ಅದೂ ತಲುಪಲಿಲ್ಲ.

ನೀರು ಕುಡಿಯಲು ಬಿಟ್ಟಾಗ ಆ ಹೆಂಗಸು ನೇರ ನಮ್ಮ ಹತ್ತಿರ ಬಂದರು. ಎದ್ದು ನಿಲ್ಲುವಂತೆ ಕೈಸನ್ನೆ ಮಾಡಿದರು. ನಿಂತೆವು. ನಾನು ತುದಿಗಾಲಲ್ಲಿ ನಿಂತರೂ ಐದಡಿ ದಾಟದವಳು. ನನ್ನ ಗಂಡ ನನಗಿಂತ ನಾಲ್ಕು ಬೆರಳು ಹೆಚ್ಚು. ಆಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕೈ ಹಿಡಿದು ಮಣಿಕಟ್ಟಿನ ಸುತ್ತ ಬೆರಳು ಸುತ್ತಿದರು. ಸಂತೆಯಲ್ಲಿ ದನ ನೋಡಿದ ಹಾಗೆ ನೋಡುತ್ತಾರಲ್ಲ ಎಂದು ನನಗೆ ಮೈ ಉರಿಯಿತು.

ಆಕೆ ಹೇಳಿದ್ದನ್ನು ಕೋಚ್ ಸಂಕೋಚದಿಂದಲೇ ನಮಗೆ ಇಂಗ್ಲಿಷಿನಲ್ಲಿ ತಿಳಿಸಿದರು. “ಪಾದ, ಕೈ, ಎರಡೂ ಫಸ್ಟ್ ಕ್ಲಾಸ್ ಅಂತಾರೆ. ಆಳದಿಂದ ಥ್ರೋ ತಲುಪ್ತಿಲ್ಲ, ಅಷ್ಟೇ. ತೋಳು ಉದ್ದ ಆದ್ರೆ ತಲುಪತ್ತೆ. ಎಷ್ಟು ಬೆಳೀತಾಳೆ ಅನ್ನೋದನ್ನ ಅಪ್ಪ ಅಮ್ಮನ ಮೈ ನೋಡಿ ಅಂದಾಜು ಮಾಡ್ತಾರೆ, ಲಾ.” ನನ್ನ ಗಂಡನತ್ತಲೂ ನೋಡಿ, “ನಿಮ್ಮಷ್ಟೇ ಆದ್ರೆ ಎರಡನೇ ಬೇಸಿಗೆ ಸರಿ, ಅಲ್ಲಿಂದ ಥ್ರೋ ದೂರ ಇಲ್ಲ. ಅಲ್ಲಿಗೆ ಅವರ ಹತ್ರ ಹುಡುಗಿಯರಿದ್ದಾರಂತೆ,” ಎಂದರು.

ಮಗಳು ಬೇಲಿಯ ಬಳಿ ಬಾಟಲಿ ಹಿಡಿದು ನಿಂತಿದ್ದಳು. ಎಲ್ಲವೂ ಅವಳಿಗೆ ಕೇಳಿಸುತ್ತಿತ್ತು.

ಅವಳು ನನ್ನ ತಂಗಿಯ ಮಗಳು. ಅವಳಿಗೆ ಎರಡು ತುಂಬುವ ಮೊದಲೇ ಒಂದು ರಸ್ತೆ ಅಪಘಾತದಲ್ಲಿ ತಂಗಿ, ಅವಳ ಗಂಡ ಇಬ್ಬರೂ ಹೋದರು. ಮಗುವನ್ನು ಎತ್ತಿಕೊಂಡೇ ನಾವು ಮಲೇಷ್ಯಾಕ್ಕೆ ಬಂದದ್ದು. ಅವಳಿಗೆ ಏಳು ವರ್ಷವಾದಾಗ ಕೂರಿಸಿಕೊಂಡು ಇದನ್ನು ಹೇಳಿದೆವು. “ಓಕೆ” ಎಂದು ಕಾರ್ಟೂನ್ ನೋಡಲು ಹೋದಳು. ಮತ್ತೆ ಅವಳು ಕೇಳಲಿಲ್ಲ, ನಾನಾಗಿ ಆ ಮಾತು ಎತ್ತಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅಮ್ಮಾ ಎಂಬ ಒಂದು ಪದವನ್ನು ಮಾತ್ರ ಬಾಯಿ ತುಂಬ ಕನ್ನಡದಲ್ಲಿ ಅನ್ನುತ್ತಿದ್ದಳು. ಅದು ಎಲ್ಲಿ ನನ್ನ ಕೈ ತಪ್ಪುತ್ತದೋ ಎಂಬ ಭಯ ನನಗೆ ಯಾವತ್ತೂ ಇತ್ತು.

ನಾನು ಸುಮ್ಮನಿದ್ದರೆ ಸಾಕಿತ್ತು. ಅವಳು ನನ್ನ ಅಳತೆಗೇ ನಿಂತುಬಿಡುತ್ತಿದ್ದಳು, ನನ್ನ ಮನೆಯಲ್ಲೇ ಉಳಿಯುತ್ತಿದ್ದಳು. ಆ ಆಸೆ ಗಂಟಲವರೆಗೂ ಬಂದಿದ್ದು ಸುಳ್ಳಲ್ಲ. ಆದರೆ ಅವಳ ಮುಖ ನೋಡಿದೆ, ಆಗಲಿಲ್ಲ.

“ಅವಳನ್ನ ಹೆತ್ತಿದ್ದು ನಾನಲ್ಲ,” ಎಂದೆ. “ನನ್ನ ತಂಗಿ.”

ಕೋಚ್ ಅದನ್ನು ತಮ್ಮ ಭಾಷೆಗೆ ತಿರುಗಿಸಿ ಹೇಳಿದರು. ಆ ಹೆಂಗಸು ನನ್ನ ಕೈ ಬಿಟ್ಟು, “ಎತ್ತರ?” ಎಂದು ಕೇಳಿದರು.

ತೋರಿಸಲು ಕೈ ಎತ್ತಿದೆ, ಸಾಲಲಿಲ್ಲ. ಒಂದು ಮೆಟ್ಟಿಲು ಹತ್ತಿ ಮತ್ತೆ ಎತ್ತಿದೆ. ಆಮೇಲೆ ನನಗೇ ತಿಳಿಯದಂತೆ ಮಾತು ಹರಿಯಿತು. ಹದಿಮೂರರವರೆಗೆ ತಂಗಿಯೂ ನನ್ನಷ್ಟೇ ಇದ್ದಳು. ಹದಿನಾಲ್ಕು ಕಳೆದ ಮೇಲೆ ಒಂದೇ ವರ್ಷದಲ್ಲಿ ಅವಳ ಲಂಗಗಳೆಲ್ಲ ಮೊಣಕಾಲಿಗೆ ಬಂದವು. ನಮ್ಮಮ್ಮ ಅಂಚಿನ ಮಡಿಕೆ ಬಿಚ್ಚಿದಳು, ಸಾಲದೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದಳು. ಮೈಸೂರಿನ ನಮ್ಮ ಅಡುಗೆಮನೆ ಬಾಗಿಲಲ್ಲಿ ಅವಳು ತಲೆ ತಗ್ಗಿಸಿ ಬರಬೇಕಿತ್ತು. ಮರೆತು ಹಣೆ ಬಡಿಸಿಕೊಂಡು ಬಾಗಿಲಿಗೇ ಬೈಯುತ್ತಿದ್ದಳು. ಶಾಲೆಯ ಥ್ರೋಬಾಲ್ ಟೀಮಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಎಸೆದರೆ ಚೆಂಡು ಎಲ್ಲರ ತಲೆ ದಾಟಿ ನಿಧಾನವಾಗಿ, ಇಳಿಯಲು ಮನಸ್ಸೇ ಇಲ್ಲದಂತೆ ತೇಲುತ್ತಾ ಹೋಗುತ್ತಿತ್ತು. ಹೇಳುತ್ತಾ ಹೇಳುತ್ತಾ ಆ ಹಾಲುಬಣ್ಣದ ಬಿಸಿಲಿನಲ್ಲಿ ಅವಳೇ ನಡೆದು ಬರುತ್ತಿದ್ದಾಳೆ ಅನ್ನಿಸಿತು, ಕೈ ಬೀಸಿಕೊಂಡು, ನಗುತ್ತಾ. ಎಷ್ಟು ವರ್ಷವಾಗಿತ್ತು ಅವಳ ಬಗ್ಗೆ ಮಾತಾಡಿ. ಯಾವಾಗಲೋ ನಾನು ಕನ್ನಡಕ್ಕೆ ಜಾರಿಬಿಟ್ಟಿದ್ದೆ. ಕೋಚ್ ತಿರುಗಿಸುವುದನ್ನು ನಿಲ್ಲಿಸಿದ್ದರು. ಆ ಹೆಂಗಸು ಮಾತ್ರ ಒಂದು ಪದವೂ ತಿಳಿಯದೆ ಕೇಳುತ್ತಲೇ ನಿಂತಿದ್ದರು. ಮಗಳು ಬೇಲಿ ಬಿಟ್ಟು ನನ್ನ ಪಕ್ಕಕ್ಕೆ ಬಂದಿದ್ದಳು.

ಆ ಹೆಂಗಸು ಮಗಳ ತೋಳನ್ನು ಚಾಚಿಸಿ, ಭುಜದಿಂದ ಬೆರಳ ತುದಿವರೆಗೆ ಒಮ್ಮೆ ನೋಡಿದರು. ಮುಗುಳ್ನಕ್ಕು ಏನೋ ಚುಟುಕಾಗಿ ಹೇಳಿದರು.

“ಕಾಯ್ತಾರಂತೆ,” ಎಂದರು ಕೋಚ್. “ತೋಳು ಬೆಳೆಯೋವರೆಗೆ ಕಾಯೋಕೆ ಅವರು ರೆಡಿ. ಈಗ್ಲೇ ಶಾರ್ಟ್‌ಸ್ಟಾಪ್‌ಗೇ ತಗೋತಾರೆ.” ನನ್ನ ಗಂಡ ಮಗಳ ಬೆನ್ನು ತಟ್ಟಿದರು. ಕೋಚ್ ನೆಲ ನೋಡುತ್ತಾ ಮುಂದುವರಿಸಿದರು. “ಆದ್ರೆ ಹೆತ್ತ ತಾಯಿ ಇಲ್ಲ ಅಂದ್ರಲ್ಲ. ಕಳಿಸೋಕೆ ಒಪ್ಪಿಗೆ ಯಾರನ್ನ ಕೇಳ್ಬೇಕು ಅಂತಿದಾರೆ.”

ನಾನೇ ಎಲ್ಲರೆದುರು ಹೆತ್ತವಳಲ್ಲ ಎಂದು ಸಾರಿಯಾಗಿತ್ತಲ್ಲ.

“ನನ್ನ ಅಮ್ಮನ್ನ ಕೇಳಿ,” ಎಂದಳು ಮಗಳು ಇಂಗ್ಲಿಷಿನಲ್ಲಿ, ಇದೆಂಥ ಪ್ರಶ್ನೆ ಎಂಬ ಧಾಟಿಯಲ್ಲಿ. “ಇಲ್ಲೇ ಇದ್ದಾರಲ್ಲ.” ಆಮೇಲೆ ನನ್ನತ್ತ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ, “ಹೇಳಮ್ಮಾ,” ಎಂದಳು.

ಅವಳನ್ನು ಅಷ್ಟು ದೂರ ಕಳಿಸಲು ಒಪ್ಪಬೇಕಾದ ಅಮ್ಮ ನಾನೇ ಆಗಿದ್ದೆ. ಹೂಂ ಅಂದೆ.